ಬುತ್ತಿ ತಂದ ಮಗಳು

ಹಾಸಿಗೆ ಹಿಡಿದ ಅತ್ತೆಗೆ ಮೂರು ಹೊತ್ತೂ ನಾನೇ ಜೋಳದ ಗಂಜಿ ಕುಡಿಸುತ್ತಿದ್ದೆ. ಬೇರೇನೂ ಅವಳಿಗೆ ದಕ್ಕುತ್ತಿರಲಿಲ್ಲ. ಒಂದು ದಿನ ನನ್ನ ಗಂಡನ ಅಕ್ಕ ತನ್ನ ಗಂಡನ ಊರು ದಡ್ಡಿಯಿಂದ ಎತ್ತಿನ ಚಕ್ಕಡಿಯಲ್ಲಿ ನಮ್ಮೂರು ಕುಲಗೋಡಕ್ಕೆ ಬಂದಳು. ತವರಿಗೆ ಬರುವ ಮಗಳು ಬುತ್ತಿ ತರಲೇಬೇಕಲ್ಲ, ಬುಟ್ಟಿ ತುಂಬ ಹೋಳಿಗೆ ತಂದಿದ್ದಳು.

"ಅತ್ತಿಯವ್ರಿಗೆ ಹೋಳಿಗಿ ಒಗ್ಗೂದಿಲ್ರಿ," ಎಂದೆ.

"ನಮ್ಮವ್ವನ್ನ ಉಪವಾಸ ಕೊಲ್ಲಾಕತ್ತೀಯೇನ?" ಎಂದು ಓಣಿಗೆಲ್ಲ ಕೇಳುವಂತೆ ಅತ್ತು, ಹೋಳಿಗೆಯ ಮೇಲೆ ತುಪ್ಪ ಸುರಿದು ತಿನ್ನಿಸಿದಳು. ನೋಡಲು ಬಂದ ಹೆಂಗಸರೂ ಕಣ್ಣೊರೆಸಿಕೊಂಡರು. ಮರುದಿನ ಮುಂಜಾನೆ ಅವಳ ಚಕ್ಕಡಿ ಹೋಯಿತು, ಅತ್ತೆಗೆ ಭೇದಿ ಹತ್ತಿತು. ಅಳು ಅವಳದು, ಒಗೆತ ನನ್ನದು!

ಹೊಲಸಾದ ಕೌದಿಗಳನ್ನು ಹಳ್ಳದಲ್ಲಿ ಒಗೆದು, ಹಲ್ಲು ಕಡಿಯುತ್ತಲೇ ಮನೆಗೆ ಬಂದು, ಗಂಜಿಯ ಬಟ್ಟಲನ್ನು ಅತ್ತೆಯ ಬಾಯಿಗೆ ಹಿಡಿದೆ. ಅವಳು ಮುಖ ತಿರುಗಿಸಿದಳು.

"ಮಗಳು ಬಂದಾಗಷ್ಟ ನನ್ನ ಹೊಟ್ಟಿ ತುಂಬತೈತಿ ನೋಡು," ಎಂದಳು.