ಮಾವ ತಿದ್ದದೆ ಬಿಟ್ಟ ಫೋಟೋ

ನನ್ನ ಎಡಗೆನ್ನೆಯ ಮೇಲೆ ಎಂಟಾಣೆ ನಾಣ್ಯದಗಲದ ಒಂದು ಹುಟ್ಟುಮಚ್ಚೆ ಇದೆ. ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಹೇಳದೇ ಇದ್ದದ್ದಕ್ಕೇ ಇಷ್ಟೆಲ್ಲ ಆಗಿದ್ದು. ಇಪ್ಪತ್ತೇಳು ತುಂಬುವ ಹೊತ್ತಿಗೆ ನನ್ನನ್ನು ನೋಡೋಕೆ ಮೂರು ಗಂಡುಗಳು ಬಂದಿದ್ದರು. ಮೂವರೂ ಅಮ್ಮ ಮಾಡಿದ ಕೇಸರಿಬಾತು ತಿಂದು, ಬಾಯಿ ಒರೆಸಿಕೊಂಡು, 'ಊರಿಗೆ ಹೋಗಿ ತಿಳಿಸ್ತೀವಿ' ಅಂದು ಹೋದವರು ಹೋದರು. ಕೇಸರಿಬಾತು ಚೆನ್ನಾಗೇ ಇತ್ತು. ತೊಂದರೆ ಇದ್ದದ್ದು ಫೋಟೋದಲ್ಲಿ.

ಫೋಟೋ ತೆಗೆದವರು ನನ್ನ ಸೋದರಮಾವ ಕೊಟ್ರಬಸಪ್ಪ. ಭದ್ರಾವತಿ ಹೊಸಮನೆಯಲ್ಲಿ 'ಜಗದಾಂಬಾ ಫೋಟೋ ಸ್ಟುಡಿಯೋ' ಅಂತ ಯಾರನ್ನು ಕೇಳಿದರೂ ತೋರಿಸುತ್ತಾರೆ. ಬೋರ್ಡು ನೋಡಿದವರು ದೇವಿಯ ಹೆಸರು ಅಂದುಕೊಂಡು ಕೈ ಮುಗಿದು ಒಳಗೆ ಬರುತ್ತಿದ್ದರು. ಅದು ದೇವಿಯಲ್ಲ, ನಮ್ಮ ಅತ್ತೆ. ಮಾವ ಮದುವೆಯಾದದ್ದೂ ಅಂಗಡಿ ಇಟ್ಟದ್ದೂ ಒಂದೇ ವರ್ಷ, ಎಪ್ಪತ್ನಾಲ್ಕರಲ್ಲಿ.

ಹೊಳಲೂರಿನ ಹೊಲದ ಕೆಲಸಕ್ಕೆ ಒಗ್ಗದೆ ಬಂದ ಮನುಷ್ಯ ಅವರು. ಶಿವಮೊಗ್ಗದ ದುರ್ಗಿಗುಡಿಯ ಒಂದು ಸ್ಟುಡಿಯೋದಲ್ಲಿ ಆರು ವರ್ಷ ಕತ್ತಲೆ ಕೋಣೆಯಲ್ಲಿ ಕೂತು ಕಲಿತದ್ದು ಒಂದೇ ವಿದ್ಯೆ, ತಿದ್ದುವುದು. ನೆಗೆಟಿವ್ ಅನ್ನು ಗಾಜಿನ ಮೇಲಿಟ್ಟು, ಹಿಂದಿನಿಂದ ಬೆಳಕು ಬಿಟ್ಟು, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ಲಿನಲ್ಲಿ ಮುಖದ ಮೇಲೆ ಚುಕ್ಕಿ ಚುಕ್ಕಿ ಇಡುವುದು. ನೆಗೆಟಿವ್‌ನಲ್ಲಿ ಕಪ್ಪಾದದ್ದು ಫೋಟೋದಲ್ಲಿ ಬೆಳ್ಳಗಾಗುತ್ತದೆ. ಹಾಗಾಗಿ ಮಾವ ಪೆನ್ಸಿಲ್ ಆಡಿಸಿದ ಕಡೆಯೆಲ್ಲ ಸುಕ್ಕು ಹೋಗುತ್ತಿತ್ತು, ಗಾಯದ ಕಲೆ ಹೋಗುತ್ತಿತ್ತು. ಊರಿನ ಕಬ್ಬಿಣದ ಕಾರ್ಖಾನೆಯ ಕುಲುಮೆ ಮುಂದೆ ನಿಂತು ಕಪ್ಪಾದವರು ಶಿಫ್ಟ್ ಮುಗಿಸಿ ಬಂದು, ಅರ್ಧ ತಮಿಳಲ್ಲಿ, 'ಸಾರ್, ಕೊಂಜಂ ವೆಳ್ಳೈಯಾ ಮಾಡಿ ಸಾರ್' ಅನ್ನುತ್ತಿದ್ದರು. ಮಾವ ಬೆಳ್ಳಗೆ ಮಾಡಿ ಕೊಡುತ್ತಿದ್ದರು. ಫೋಟೋ ಕೈಗೆ ಬಂದಾಗ ಅವರ ಮುಖ ಅರಳುವುದನ್ನು ನೋಡೋದೇ ಮಾವನಿಗೆ ಸುಖ.

ಅತ್ತೆಗೆ ಒಂಬತ್ತನೇ ವಯಸ್ಸಿನಲ್ಲಿ ಸಿಡುಬು ಬಂದು ಮುಖದ ತುಂಬ ಕುಳಿಗಳು. ಅಂಗಡಿಯ ಶೋಕೇಸಿನ ನಟ್ಟನಡುವೆ ಅವರದೊಂದು ಫೋಟೋ ಇತ್ತು, ಮದುವೆಯಾದ ಹೊಸತರದ್ದು. ಅದರಲ್ಲಿ ಮುಖ ಬೆಣ್ಣೆ ಸವರಿದ ಹಾಗೆ ನುಣ್ಣಗಿತ್ತು. ಗಿರಾಕಿಗಳು, 'ಇವರು ಯಾರಮ್ಮ?' ಅಂತ ಅತ್ತೆಯನ್ನೇ ಕೇಳೋರು.

'ನಮ್ಮ ಯಜಮಾನ್ರ ಮೊದಲನೇ ಹೆಂಡ್ತಿ' ಅನ್ನೋರು ಅತ್ತೆ, ನಗದೇ.

ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಮಾವ ಮಾತ್ರ ಒಳಗೆ ಹೋಗಿಬಿಡೋರು.

ಬಣ್ಣದ ಫೋಟೋ ಬಂದು ಪೆನ್ಸಿಲ್ಲಿನ ಕಾಲ ಮುಗಿದರೂ ಮಾವನ ಚಟ ಮುಗಿಯಲಿಲ್ಲ. ಶಿವಮೊಗ್ಗದ ನೆಹರೂ ರಸ್ತೆಯ ಕಲರ್ ಲ್ಯಾಬಿಗೆ ಬಸ್ಸಿನಲ್ಲಿ ಹೋಗಿ, ಕಂಪ್ಯೂಟರಿನವನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು, 'ಇಲ್ಲಿ ಸ್ವಲ್ಪ, ಇಲ್ಲೊಂಚೂರು' ಅಂತ ಪರದೆಯ ಮೇಲೆ ಬೆರಳಿಟ್ಟು ತಿದ್ದಿಸುತ್ತಿದ್ದರು. ನನ್ನ ಮಚ್ಚೆಯೂ ಹಾಗೇ ಹೋಯಿತು, ಮೂರು ಸಲ. 'ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ, ನಾನು ಒಂದೇ ಒಂದು ಹೇಳಿದ್ದು' ಅಂತ ಅವರ ಸಮರ್ಥನೆ.

ಎರಡು ಸಾವಿರದ ಎಂಟರ ಶ್ರಾವಣದಲ್ಲಿ ಮೂರನೇ ಗಂಡು ಬಂದ. ಅವನ ಜೊತೆ ಬಂದಿದ್ದ ಚಿಕ್ಕಮ್ಮ ಕೈಯಲ್ಲಿ ನನ್ನ ಫೋಟೋ ಹಿಡಿದುಕೊಂಡೇ ಕೂತಿದ್ದಳು. ನಾನು ಕಾಫಿ ಕೊಡುವಾಗ ಫೋಟೋ ನೋಡಿದಳು, ನನ್ನ ನೋಡಿದಳು, ಮತ್ತೆ ಫೋಟೋ ನೋಡಿದಳು.

'ಇದು ಫೋಟೋದಲ್ಲಿ ಇರ್ಲಿಲ್ವಲ್ಲ?' ಅಂದಳು.

ಸಂತೆಯಲ್ಲಿ ಬದನೆಕಾಯಿ ತಿರುಗಿಸಿ ನೋಡಿ ಹುಳುಕು ತೋರಿಸಿದ ಹಾಗೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಹೊರಟ ಮೇಲೆ ಸೀರೆಯನ್ನೂ ಬದಲಾಯಿಸದೆ ಸೀದಾ ಸ್ಟುಡಿಯೋಗೆ ನಡೆದೆ.

'ಮಾವ, ಆ ಹೆಂಗಸು ನನ್ನನ್ನು ಮೋಸಗಾತಿ ಥರ ನೋಡಿದಳು. ಮೋಸ ಮಾಡಿದ್ದು ನಾನಾ? ಇನ್ಮೇಲೆ ಮಚ್ಚೆ ಇರೋ ಫೋಟೋನೇ ಹೋಗ್ಬೇಕು. ಅದನ್ನ ನೋಡಿ ಬರೋನು ಬರ್ಲಿ. ಯಾರೂ ಬರ್ದಿದ್ರೆ ಬೇಡ. ಬಂದೋನು ಮಾತ್ರ ನನ್ನ ಮುಖ ನೋಡಿ ಬೆಚ್ಚಬಾರ್ದು.'

ಮಾವ, 'ತೆಗೀತೀನಿ ಮಾರಾಯ್ತಿ. ಆದ್ರೆ ಲ್ಯಾಬಿಗೆ ಹೋಗಿ ಕೂತ್ರೆ ನನ್ನ ಕೈ ತಡೆಯಲ್ಲ. ತಿದ್ದಿಸಿಬಿಡ್ತೀನಿ' ಅಂದರು. ಕುಡುಕ ತನ್ನ ಕುಡಿತ ಒಪ್ಪಿಕೊಂಡ ಹಾಗೆ ಹೇಳಿದರು.

'ಹಾಗಿದ್ರೆ ನನ್ನ ಮೊಬೈಲಲ್ಲಿ ತೆಗೀರಿ. ಫೋಟೋ ನನ್ನ ಹತ್ರಾನೇ ಇರುತ್ತೆ' ಅಂದೆ.

ನಾನು ಶಾಲೆಯಲ್ಲಿ ಟೀಚರ್. ಆ ವರ್ಷವೇ ಎರಡು ಮೆಗಾಪಿಕ್ಸೆಲ್ ಕ್ಯಾಮೆರಾ ಇರುವ ಮೊಬೈಲ್ ಕೊಂಡಿದ್ದೆ. ಮಾವ ಅದನ್ನು ಎರಡು ಬೆರಳಲ್ಲಿ ಜಿರಲೆ ಹಿಡಿದ ಹಾಗೆ ಹಿಡಿದು, 'ಇದು ಕ್ಯಾಮೆರಾನಾ? ಇದರ ಕಣ್ಣು ಕಡಲೆಬೇಳೆಯಷ್ಟಿಲ್ಲ' ಅಂದರು. ಆದರೂ ಒಪ್ಪಿದರು. ಪಿತೃಪಕ್ಷ ಕಳೀಲಿ, ಹಬ್ಬ ಆಗ್ಲಿ ಅಂತ ಆಯುಧಪೂಜೆಯ ಮಾರನೇ ದಿನಕ್ಕೆ ಬಂದು ನಿಂತಿತು.

ಆ ದಿನ ಮಾವನ ಮನೆಯಲ್ಲಿ ತೆಗೆದ ಒಂದು ಫೋಟೋನೂ ಸರಿ ಬರಲಿಲ್ಲ. ನನ್ನ ಮುಖದ ಮೇಲೆ ಮಂಜು ಕವಿದ ಹಾಗೆ ಬಿಳೀ ಮಬ್ಬು. ಮಚ್ಚೆ ಹಾಗಿರಲಿ, ಮೂಗು ಎಲ್ಲಿದೆ ಅಂತಲೇ ಹುಡುಕಬೇಕಿತ್ತು. ಹತ್ತು ತೆಗೆದರು, ಹತ್ತೂ ಹಾಗೇ. ನನಗೆ ಸಿಟ್ಟು ನೆತ್ತಿಗೇರಿತು. ಬೇಕಂತಲೇ ಹೀಗೆ ಮಾಡ್ತಿದ್ದಾರೆ ಅಂದುಕೊಂಡೆ.

'ಮಾವ, ಪೆನ್ಸಿಲ್ ಇಲ್ದೇನೂ ಅಳಿಸೋದು ಕಲಿತ್ರಾ?'

'ನನ್ನ ಆಣೆಗೂ ಇಲ್ಲ ಕಣೇ. ನಿನ್ನ ಡಬ್ಬಿನೇ ಸರಿ ಇಲ್ಲ.'

'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ' ಅಂತ ಅಂದೇಬಿಟ್ಟೆ.

ಮೂವತ್ನಾಲ್ಕು ವರ್ಷ ಊರಿಗೆಲ್ಲ ಫೋಟೋ ತೆಗೆದ ಮನುಷ್ಯನಿಗೆ ಆ ಮಾತು ನಾಟಿತು. ಕನ್ನಡಕ ಹಾಕಿಕೊಂಡು ಮೊಬೈಲನ್ನು ಬಾಗಿಲ ಬೆಳಕಿಗೆ ತಂದರು. ಹಿಂದೆ ಮುಂದೆ ತಿರುಗಿಸಿದರು. ಆಮೇಲೆ ಮೂಗಿನ ಹತ್ತಿರ ಹಿಡಿದು ಮೂಸಿದರು.

'ಜಗದಾಂಬಾ!' ಅಂತ ಕೂಗಿದರು. 'ಇದಕ್ಕೇನು ಹಚ್ಚಿದ್ದೀಯಾ?'

ಅತ್ತೆ ಅಡುಗೆಮನೆಯಿಂದ ಬಂದರು. ಆಯುಧಪೂಜೆ ಅಂದರೆ ಅವರಿಗೆ ಮಿಕ್ಸಿಯಿಂದ ಹಿಡಿದು ಸೈಕಲ್ ಪಂಪಿನವರೆಗೆ ಯಾವುದೂ ಬರಿಹಣೆಯಲ್ಲಿ ಇರಕೂಡದು. ಸ್ಟುಡಿಯೋ ಕ್ಯಾಮೆರಾಗಳ ಗಾಜಿಗೆ ಮಾವ ಮೊದಲೇ ಮುಚ್ಚಳ ಹಾಕಿಡುತ್ತಿದ್ದರು. ಹಿಂದಿನ ದಿನ ಪೂಜೆಗೆ ಅಂತ ನಾನೇ ಮೊಬೈಲ್ ಕೊಟ್ಟು ಹೋಗಿದ್ದೆ.

'ವಿಭೂತಿ ಮೂರೆಳೆ, ಗಂಧದ ಬೊಟ್ಟು' ಅಂದರು ಅತ್ತೆ. 'ಮುಂದೆಲ್ಲ ಬರೀ ಬಟನ್ನು. ಹಿಂದೆ ದುಂಡಗೆ ಒಂದು ಕಂಡ್ತು, ಅದೇ ಹಣೆ ಅಂದ್ಕೊಂಡೆ. ಬೆಳಗ್ಗೆ ಸೆರಗಲ್ಲಿ ಒರೆಸೇ ಕೊಟ್ಟಿದ್ದೀನಲ್ಲ?'

ಒರೆಸಿದ ಗಂಧ ಆ ಕಡಲೆಬೇಳೆ ಕಣ್ಣಿನ ಮೇಲೆಲ್ಲ ಸವರಿಕೊಂಡು ಒಣಗಿ ಕೂತಿತ್ತು. ನಾನೂ ಮಾವನೂ ಮುಖ ಮುಖ ನೋಡಿಕೊಂಡೆವು. ಮೊದಲು ನಕ್ಕಿದ್ದು ಯಾರೋ ಗೊತ್ತಿಲ್ಲ. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಆಮೇಲೆ ಮಾವನಿಗೆ ಹಟ ಬಂತು. ಹಳೇ ಹತ್ತಿಯ ಪಂಚೆಯ ತುದಿಗೆ ಒಂದೇ ಹನಿ ನೀರು ಹಾಕಿ ಗಾಜು ಒರೆಸಿದರು, ಒಣ ತುದಿಯಿಂದ ಮತ್ತೆ ಒರೆಸಿದರು. ನನ್ನ ಕೈಲಿ ಸೆಟ್ಟಿಂಗೆಲ್ಲ ತೆಗೆಸಿ ಒಂದೊಂದನ್ನೂ ಓದಿಸಿದರು. ನೂರಾರು ಫೋಟೋ ಹಿಡಿಯಲಿ ಅಂತ ನಾನು ಸಣ್ಣ ಸೈಜ್ ಇಟ್ಟಿದ್ದೆ. 'ನೂರು ಜೊಳ್ಳು ಯಾಕೆ, ಒಂದು ಗಟ್ಟಿ ಕಾಳು ಸಾಕು' ಅಂತ ದೊಡ್ಡದಕ್ಕೆ ಹಾಕಿಸಿದರು. ಝೂಮ್ ಒತ್ತಲು ಹೋದರೆ ಕೈ ಮೇಲೆ ಹೊಡೆದರು. 'ಹತ್ರ ಬೇಕಾದ್ರೆ ಎರಡು ಹೆಜ್ಜೆ ಮುಂದೆ ಹೋಗು, ಕಾಲಿಲ್ವಾ?' ಎರಡು ದಿನ ದಾರಿಯಲ್ಲಿ ಹೋಗುವ ಎಮ್ಮೆ, ಎದುರುಮನೆಯ ಕಾಳಮ್ಮನ ಕೋಳಿ, ಎಲ್ಲವನ್ನೂ ತೆಗೆದು ನೋಡಿದರು. ಬಟನ್ ಒತ್ತಿದ ಮೇಲೂ ಅದು ಒಂದು ಉಸಿರಿನಷ್ಟು ತಡವಾಗಿ ತೆಗೆಯುತ್ತದೆ ಅಂತ ಕಂಡುಹಿಡಿದದ್ದು ಆ ಕೋಳಿಯಿಂದ. ಬರೀ ಬಾಲ ಬಂದಿತ್ತು.

ಮೂರನೇ ದಿನ ಬೆಳಗ್ಗೆ ಎಂಟು ಗಂಟೆಗೆ ನನ್ನನ್ನು ಪೂರ್ವದ ಕಿಟಕಿ ಪಕ್ಕ ಕೂರಿಸಿದರು. ಎಡಗೆನ್ನೆ ಬೆಳಕಿನ ಕಡೆಗೆ. ಕಿಟಕಿಗೆ ತೆಳ್ಳನೆಯ ಪಂಚೆ ಕಟ್ಟಿ ಬಿಸಿಲು ಮೆತ್ತಗೆ ಮಾಡಿದರು. ಇನ್ನೊಂದು ಪಂಚೆಯನ್ನು ಅತ್ತೆ ನನ್ನ ಬಲಗಡೆ ಅಡ್ಡ ಹಿಡಿದು ನಿಂತರು, ಅದಕ್ಕೆ ಬಡಿದ ಬೆಳಕು ಆ ಕೆನ್ನೆಗೂ ಬೀಳಲಿ ಅಂತ. ಮಾವ ಎರಡೂ ಮೊಣಕೈ ಪಕ್ಕೆಗೆ ಒತ್ತಿಕೊಂಡು ಬಾಗಿಲ ಚೌಕಟ್ಟಿಗೆ ಒರಗಿದರು. ಉಸಿರು ಹಿಡಿದು ಒತ್ತಿದರು. ಒತ್ತಿದ ಮೇಲೂ ಕೈ ಇಳಿಸಲಿಲ್ಲ.

ಫೋಟೋ ಬಂತು. ಕಣ್ಣಿನ ರೆಪ್ಪೆ ಎಣಿಸಬಹುದಿತ್ತು. ಮಚ್ಚೆ ಅದರ ಅಂಚಿನ ಸಮೇತ ಇತ್ತು. ಅದರ ನಡುವೆ ಎರಡು ಸಣ್ಣ ಚುಕ್ಕಿ ಇವೆ ಅಂತ ನನಗೇ ಗೊತ್ತಿರಲಿಲ್ಲ. ನಾನು ನೋಡುತ್ತಾ ಕೂತೆ. ಚೆಂದ ಇದ್ದೆ ಅಂತ ಹೇಳಲ್ಲ. ನಾನೇ ಇದ್ದೆ, ನನಗೆ ಅಷ್ಟು ಸಾಕಾಗಿತ್ತು.

ಪ್ರಿಂಟ್ ಹಾಕಿಸಲು ನಾನೂ ಜೊತೆಗೆ ಲ್ಯಾಬಿಗೆ ಹೋದೆ, ಕಾವಲಿಗೆ. ಕಂಪ್ಯೂಟರಿನವನು ರೂಢಿಯಂತೆ, 'ಸಾರ್, ಮಚ್ಚೆ ತೆಗೀಲಾ?' ಅಂದ. ಮಾವನ ಬೆರಳು ಎದ್ದೇ ಬಿಟ್ಟಿತು. ಪರದೆಯವರೆಗೆ ಹೋಗಿ ಅಲ್ಲೇ ನಿಂತಿತು.

'ಬೇಡಪ್ಪ' ಅಂದರು. 'ಅದು ಅವಳದ್ದು.'

ವಾಪಸ್ ಬರುವ ಬಸ್ಸಿನಲ್ಲಿ ಮಾವನ ಮುಖ ಸಪ್ಪಗಿತ್ತು. ನನ್ನ ಹಟ ಗೆದ್ದಿತ್ತು, ಆದರೂ ಅವರನ್ನು ನೋಡಿ ಪಾಪ ಅನ್ನಿಸಿತು.

ಆ ಫೋಟೋ ಎರಡು ಮನೆಗೆ ಹೋಗಿ ಎರಡೂ ಕಡೆಯಿಂದ ವಾಪಸ್ ಬಂತು. ಅಮ್ಮ ಅತ್ತಳು. 'ಅಳಬೇಡಮ್ಮ, ಕೇಸರಿಬಾತು ಉಳೀತು' ಅಂದೆ. ಅಂದೆ ಅಷ್ಟೇ, ಒಳಗೆ ನನಗೂ ಉರಿಯುತ್ತಿತ್ತು. ಮಾವ ಬಂದು, 'ನೋಡಿದ್ಯಾ?' ಅಂತ ಕೇಳಬಹುದಿತ್ತು, ಕೇಳಲಿಲ್ಲ.

ಮೂರನೇ ಮನೆಯವರು ಬರ್ತೀವಿ ಅಂದರು. ಗಂಡಿನ ಹೆಸರು ರೇಣುಕಾಪ್ರಸಾದ್. ಶಿವಮೊಗ್ಗದಲ್ಲಿ ಹಾಲಿನ ಡೇರಿಯೊಂದರಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ. 'ನೀರು ಬೆರೆಸಿದ್ರೆ ಗೊತ್ತಾಗಿಬಿಡುತ್ತೆ ಕಣೇ ಅವನಿಗೆ' ಅಂತ ಅತ್ತೆ ಕಿಚಾಯಿಸಿದರು. ಧನುರ್ಮಾಸಕ್ಕೆ ಮುಂಚಿನ ಒಂದು ಭಾನುವಾರ ಅವರು ತಾಯಿಯ ಜೊತೆ ಬಂದರು. ಅಮ್ಮ ಹಳೇ ಅಭ್ಯಾಸಬಲದಿಂದ ನನ್ನ ಎಡಗೆನ್ನೆ ಗೋಡೆ ಕಡೆ ಬರುವ ಹಾಗೆ ಕುರ್ಚಿ ಹಾಕಿದ್ದಳು. ನಾನು ಕುರ್ಚಿ ತಿರುಗಿಸಿಕೊಂಡೇ ಕೂತೆ. ಅಡುಗೆಮನೆ ಬಾಗಿಲಲ್ಲಿ ಅತ್ತೆ, ಮೂಲೆಯಲ್ಲಿ ಮಾವ.

ಅವರ ತಾಯಿ ಸ್ವಲ್ಪ ಹೊತ್ತು ನನ್ನನ್ನೇ ನೋಡಿ, 'ಈ ಮಚ್ಚೆ ಹುಟ್ಟಿದಾಗಿಂದ್ಲೂ ಇದೆಯೇನಮ್ಮ?' ಅಂದರು.

ನಾನು ಬಾಯಿ ತೆರೆಯುವುದಕ್ಕೆ ಮುಂಚೆ ರೇಣುಕಾಪ್ರಸಾದ್, 'ಅಮ್ಮ, ಫೋಟೋದಲ್ಲೇ ನೋಡಿದ್ವಲ್ಲ' ಅಂದರು. 'ನೋಡೇ ಬಂದಿದ್ದು.'

ಅಷ್ಟು ಹೇಳಿ ಕೇಸರಿಬಾತಿನ ತಟ್ಟೆ ಎತ್ತಿಕೊಂಡರು. ನಾನು ತಲೆ ತಗ್ಗಿಸಿದೆ, ನಾಚಿಕೆಗಲ್ಲ, ಕಣ್ಣು ತುಂಬಿತ್ತು. ಮಾವ ಎದ್ದು ಹಿತ್ತಲಿಗೆ ಹೋದರು. ಗಂಡಿನ ಕಡೆಯವರು ಹೊರಡುವಾಗ ಊರಿಗೆ ಹೋಗಿ ತಿಳಿಸ್ತೀವಿ ಅನ್ನಲಿಲ್ಲ, ನಮ್ಮನೆಗೆ ಯಾವತ್ತು ಬರ್ತೀರಿ ಅಂತ ಕೇಳಿದರು.

ಮಾರನೇ ದಿನ ಬೆಳಗ್ಗೆ ಸಿಹಿ ಕೊಡಲು ಮಾವನ ಮನೆಗೆ ಹೋದೆ. ಅತ್ತೆ ತಲೆ ಬಾಚಿಕೊಂಡು, ವಿಭೂತಿ ಇಟ್ಟುಕೊಂಡು, ಆ ಪೂರ್ವದ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಕಿಟಕಿಗೆ ತಾವೇ ಪಂಚೆ ಕಟ್ಟಿದ್ದರು.

'ಮೊಬೈಲ್ ಕೊಡೇ ನಿಮ್ಮ ಮಾವನ ಕೈಗೆ' ಅಂದರು. ಆಮೇಲೆ ಮಾವನ ಕಡೆ ತಿರುಗಿ, 'ರೀ, ನಂದೂ ಒಂದು ತೆಗೀರಿ, ಇದ್ದ ಹಾಗೆ' ಅಂದರು.

ಮಾವ, 'ಯಾಕೆ ಈಗ, ಈ ವಯಸ್ಸಲ್ಲಿ' ಅಂದರು.

'ಆ ಹುಡುಗ ನೋಡೇ ಬಂದಿದ್ದು ಅಂದ. ನೀವೂ ನಮ್ಮನೆಗೆ ಬಂದು, ಈ ಮುಖ ನೋಡೇ ಕಟ್ಕೊಂಡಿದ್ದಲ್ವಾ? ಮತ್ತೆ ಮೂವತ್ನಾಲ್ಕು ವರ್ಷ ಯಾಕ್ರೀ ಅಳಿಸಿದ್ರಿ?'

ಮಾವ ಮೊಬೈಲ್ ಇಸಿದುಕೊಂಡು, ಮೊಣಕೈ ಪಕ್ಕೆಗೆ ಒತ್ತಿ, ಚೌಕಟ್ಟಿಗೆ ಒರಗಿದರು. ಬಲಗಡೆ ಪಂಚೆ ಹಿಡಿದು ನಿಂತಿದ್ದವಳು ನಾನು. ಮೊದಲನೆಯದು ಅಲುಗಿಹೋಯಿತು. ಎರಡನೆಯದೂ ಅಲುಗಿತು. ಕಣ್ಣು ಒರೆಸಿಕೊಂಡು ಮೂರನೆಯದು ತೆಗೆದರು.

ಅತ್ತೆ ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಒಂದೊಂದು ಕುಳಿಯೂ ಕಾಣುತ್ತಿತ್ತು.

'ಅಯ್ಯೋ, ಇದು ನಾನೇ ಕಣ್ರೀ' ಅಂದರು.

ಈಗ ಶೋಕೇಸಿನ ನಟ್ಟನಡುವೆ ಆ ಫೋಟೋ ಇದೆ. ಹಳೆಯದನ್ನು ಮಾವ ತೆಗೆದು ಎಲ್ಲಿಟ್ಟರೋ ನಾನು ಕೇಳಿಲ್ಲ. ಗಿರಾಕಿಗಳು ಯಾರೂ ಇವರು ಯಾರಮ್ಮ ಅಂತ ಕೇಳುವುದಿಲ್ಲ.