ಬಡಗಿ ಮಗಳ ಮರದ ಮೀನು

ಗಂಡ ಬೋಟು ಹತ್ತಿ ಆಳ ಸಮುದ್ರಕ್ಕೆ ಹೋದ ದಿನ ಬಡಗಿ ಮಗಳಿಗೆ ಅಷ್ಟೇನೂ ಭಯವಾಗುತ್ತಿರಲಿಲ್ಲ. ಬೋಟಿನಲ್ಲಿ ಜೊತೆಗಾರರಿದ್ದರು, ರೇಡಿಯೋ ಇತ್ತು, ಮೇಲೆ ದೇವರಿದ್ದ. ಗಾಳಿ ಎದ್ದು ಬೋಟುಗಳೆಲ್ಲ ಬಂದರಿನಲ್ಲೇ ಉಳಿದ ದಿನಗಳಲ್ಲಿ ಮಾತ್ರ ಅವಳು ಹೆದರುತ್ತಿದ್ದಳು. ಸುಮ್ಮನೆ ಕೂರಲಾರದ ಗಂಡ ಗಾಳದ ಕೋಲು ಹಿಡಿದು ಒಬ್ಬನೇ ಅಲೆಗೆ ಅಡ್ಡ ಹಾಕಿದ ತಡೆಗೋಡೆಯ ಬಂಡೆಗಳಿಗೆ ಹೋಗುತ್ತಿದ್ದ.

ಅವನ ಗಾಳಕ್ಕೆ ಎರೆಹುಳು ಬೇಕಿರಲಿಲ್ಲ. ಅಪ್ಪನ ಉಳಿ, ಅರಗಳ ನಡುವೆ ಬೆಳೆದ ಅವಳೇ ಬೆರಳುದ್ದದ ಮರದ ಮೀನು ಕೆತ್ತಿ, ಹೊಟ್ಟೆಗೆ ಸೀಸ ತುಂಬಿ, ಬಣ್ಣ ಹಚ್ಚಿ, ಕೊಕ್ಕೆ ಸಿಕ್ಕಿಸಿ ಕೊಡುತ್ತಿದ್ದಳು. ಎಸೆದು ಎಳೆದರೆ ಅದು ಗಾಯಗೊಂಡ ಮರಿಮೀನಿನಂತೆ ಒದ್ದಾಡುತ್ತಿತ್ತು. ಅದನ್ನು ನಂಬಿ ಬರುವ ಮೀನುಗಳೂ ಬಗೆಬಗೆ: ಬಂಡೆ ಸಂದಿನ ದಪ್ಪ ತುಟಿಯವು, ಈಟಿಯಂಥ ಉದ್ದನೆಯವು, ಬೆಳ್ಳಿ ಹೊಟ್ಟೆಯವು.

ಅಂಥದೊಂದು ಗಾಳಿಯ ದಿನ ಅವನು ಒಯ್ದದ್ದು ಕೆಂಪು ಕಿವಿರಿನ ಹೊಸ ಮರದ ಮೀನು. ಅವಳು ಕಿಟಕಿ ಬಿಟ್ಟು ಕದಲಲಿಲ್ಲ.

"ಮನೇಲಿದ್ರೆ ಕಾಲಿಗೆ ಅಡ್ಡ ಬರ್ತಾರೆ ಅಂತೀಯ, ಹೊರಗೆ ಹೋದ್ರೆ ಹೀಗೆ," ಅಂದರು ಅತ್ತೆ. "ಅವನನ್ನ ಎಲ್ಲಿಡೋಣ ಹೇಳು, ಕಪಾಟಿನಲ್ಲಾ?"

ಅತ್ತೆ ಬಟ್ಟೆ ಮಡಿಸುತ್ತಾ ಮುಂದುವರಿಸಿದರು. "ಹೋದ ಸಲ ನಿನ್ನ ಮರದ ಮೀನು ಬಂಡೆಗೆ ಸಿಕ್ಕಿಕೊಂಡಿತಂತೆ. ಸೊಂಟದ ತನಕ ನೀರಿಗಿಳಿದು ಬಿಡಿಸ್ಕೊಂಡು ಬಂದ. ದಾರ ಕತ್ತರಿಸಬಾರದಾಗಿತ್ತಾ ಅಂದ್ರೆ, ಅವಳು ರಾತ್ರಿಯೆಲ್ಲ ಕೂತು ಮಾಡಿದ್ದು, ಹೇಗಮ್ಮ ಬಿಡ್ಲಿ ಅಂತಾನೆ."

ಬಡಗಿ ಮಗಳು ಇಷ್ಟು ದಿನ ಹೆದರಿದ್ದು ಗಾಳಿಗೆ, ಅಲೆಗೆ. ತನ್ನ ಕೈಕೆಲಸಕ್ಕೇ ಹೆದರಬೇಕೆಂದು ಹೊಳೆದಿರಲಿಲ್ಲ. ಕೆತ್ತುವ ಚಾಕು ಸೆರಗಿಗೆ ಸುತ್ತಿಕೊಂಡು ಓಡಿದಳು.

ಅವನು ಎಲ್ಲಕ್ಕಿಂತ ಕೆಳಗಿನ ಬಂಡೆಯ ಮೇಲಿದ್ದ. ಕೋಲು ಪಕ್ಕಕ್ಕೆ ಬಿದ್ದಿತ್ತು. ಸಿಕ್ಕಿಕೊಂಡ ನೈಲಾನ್ ದಾರವನ್ನು ಅಂಗೈಗೆ ಸುತ್ತಿಕೊಂಡು ಜಗ್ಗುತ್ತಿದ್ದ. ಅವಳ ಕೂಗನ್ನು ಗಾಳಿ ನುಂಗಿತು. ಅಲೆಯೊಂದು ಮೊಣಕಾಲಿಗೆ ಬಡಿದು ಹಿಂದಕ್ಕೆಳೆದಾಗ ಅವನು ಕುಸಿದು ಕೂತ. ಏಳಲು ನೋಡಿದರೆ ದಾರ ಬಿಗಿದು ಕೈಯನ್ನು ನೀರಿನತ್ತಲೇ ಹಿಡಿದಿತ್ತು. ಮುಷ್ಟಿ ಬಿಚ್ಚಲಾಗಲಿಲ್ಲ.

ದೂರದಲ್ಲಿ ಇನ್ನೂ ದೊಡ್ಡದೊಂದು ಅಲೆ ಏಳುತ್ತಿತ್ತು.

ಪಾಚಿಯ ಮೇಲೆ ಕೂತೇ ಜಾರುತ್ತಾ ಅವಳು ಇಳಿದಳು. ಬಾಯಲ್ಲಿ ದೇವರ ಹೆಸರು ಅರ್ಧರ್ಧವೇ ಬರುತ್ತಿತ್ತು. ಅವನ ಅಂಗಿ ಹಿಡಿದು ದಾರಕ್ಕೆ ಚಾಕು ಹಾಕಿದಳು. ಟಪ್ಪೆಂದು ಹರಿಯಿತು. ಇಬ್ಬರೂ ಮೇಲಿನ ಬಂಡೆಗೆ ತೆವಳಿ ತಬ್ಬಿಕೊಂಡರು. ಅವನು ಕೂತಿದ್ದ ಜಾಗ, ಕೋಲಿನ ಸಮೇತ, ನೊರೆಯೊಳಗೆ ಕಾಣದಾಯಿತು.

"ಕೆಂಪು ಕಿವಿರಿಂದು ಹೋಯ್ತಲ್ಲೇ," ಅಂದ ಅವನು. ಅಂಗೈಯಲ್ಲಿ ದಾರ ಕೊರೆದ ಗೆರೆಗಳಿಂದ ರಕ್ತ ಒಸರುತ್ತಿತ್ತು.

"ಹೋಗಲಿ ಬಿಡಿ," ಅನ್ನುತ್ತಾ ಅವಳು ಸೆರಗಿನ ತುದಿಯನ್ನು ಅವನ ಅಂಗೈಗೆ ಒತ್ತಿದಳು.

ಮತ್ತೆ ಗಾಳಿ ಎದ್ದ ಬೆಳಿಗ್ಗೆ, ನೆರೆಯವರ ಗಾಳದ ಕೋಲು ತಂದಿದ್ದವನ ಕೈಗೆ ಅವಳು ಬಣ್ಣವಿಲ್ಲದ, ಅಂಕುಡೊಂಕಾದ ಮರದ ಮೀನುಗಳನ್ನು ಹಿಡಿಯಷ್ಟು ಕೊಟ್ಟಳು.

"ಇದೇನೇ, ಒಲೆಗೆ ಹಾಕೋ ಕಡ್ಡಿ ಥರ ಇದೆ?"

"ನಿಮ್ಮ ಮನಸ್ಸು ಇವಕ್ಕೆ ಅಂಟಬಾರದು. ಸಿಕ್ಕಿಕೊಂಡ್ರೆ ಕತ್ತರಿಸಿ ಬನ್ನಿ."

ಮಧ್ಯಾಹ್ನ ಅವನು ಎರಡು ಮರದ ಮೀನು ಕಳೆದುಕೊಂಡು, ದಪ್ಪ ತುಟಿಯದೊಂದನ್ನು ಹಿಡಿದು ಬರುವವರೆಗೂ ಅವಳು ಕಿಟಕಿ ಬಿಡಲಿಲ್ಲ. ಕೈಯಲ್ಲಿ ಮತ್ತೊಂದು ಮರದ ತುಂಡಿತ್ತು. ಬೆರಳುಗಳು ತಾವಾಗಿಯೇ ರೆಕ್ಕೆಯನ್ನು ನಯಗೊಳಿಸಲು ಹೊರಟಾಗಲೆಲ್ಲ ಉಜ್ಜುವ ಉಪ್ಪುಕಾಗದವನ್ನು ದೂರ ಸರಿಸುತ್ತಿದ್ದಳು.