ಅತ್ತೆ ‘ಅಲ್ಲ’ ಎಂದ ಬರಹ

ಲಿಫ್ಟ್ ರಿಪೇರಿ ಕಂಪನಿಯಲ್ಲಿ ಅವನಿಗೆ ‘ಲೇಖಕರು’ ಎಂಬ ಅಡ್ಡಹೆಸರು ಬಿದ್ದಿತ್ತು. ಗ್ರೀಸು ಮೆತ್ತಿದ ಸಮವಸ್ತ್ರ, ಸೊಂಟದಲ್ಲಿ ಸ್ಪ್ಯಾನರಿನ ಚೀಲ, ಏಳುವಾಗ ಕೂರುವಾಗ ಚಳುಕು ಹಿಡಿಯುವ ಮಂಡಿ. ನೋಡಿದರೆ ಲೇಖಕ ಎನ್ನುವಂಥ ಲಕ್ಷಣ ಮೈಮೇಲೆ ಒಂದೂ ಇರಲಿಲ್ಲ. ಆದರೂ ಅವನಿಗೊಂದು ಬ್ಲಾಗ್ ಇತ್ತು. ಅದರ ಹೆಸರು ‘ಅತ್ತೆ ನಮ್ಮನೆಯಲ್ಲಿ’. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ಅತ್ತೆಯನ್ನು ತಾನು ಹೇಗೆ ನೋಡಿಕೊಳ್ಳುತ್ತಿದ್ದೇನೆ ಎಂದು ಅದರಲ್ಲಿ ಬರೆಯುತ್ತಿದ್ದ. ಅಳಿಯನೊಬ್ಬ ಅತ್ತೆಯ ಬೆನ್ನು ತಿಕ್ಕುತ್ತಾನೆ, ತಲೆ ಬಾಚುತ್ತಾನೆ ಎನ್ನುವುದೇ ಓದುಗರಿಗೆ ದೊಡ್ಡ ಸಂಗತಿ. ನಿಮ್ಮಂಥವರು ಇರುವುದರಿಂದಲೇ ಲೋಕ ಇನ್ನೂ ನಡೆದಿದೆ ಎಂದೆಲ್ಲ ಬರೆದು ಅವನನ್ನು ಅಟ್ಟಕ್ಕೇರಿಸುತ್ತಿದ್ದರು.

ಅವನಿಗೂ ಅದು ಬೇಕಾಗಿತ್ತು. ಬೇರೆ ಯಾರು ಹೊಗಳಬೇಕು? ಹೆಂಡತಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ತಪಾಸಣೆ ಮಾಡುವವಳು. ಬೆಳಕು ಹರಿಯುವ ಮೊದಲೇ ಹೊರಟರೆ ಸಂಜೆಗೆ ಬರುವಳು. ಅವಳು ಬಂದ ಮೇಲೆ ಅವನ ಪಾಳಿ. ಗಂಡ ಹೆಂಡತಿ ಬಾಗಿಲಲ್ಲೇ ಕೂಡಿ ಬಾಗಿಲಲ್ಲೇ ಅಗಲುತ್ತಿದ್ದರು. ‘ಊಟ ಆಯ್ತಾ ಅಮ್ಮಂದು?’ ‘ಆಯ್ತು. ಮಾತ್ರೆ ಒಂದು ಬಾಕಿ.’ ಅಷ್ಟೇ ಸಂಸಾರ. ಪಾಳಿ ಮುಗಿಸಿ ಬಂದು ಅವನು ಗೋಡೆಯ ಕಡೆ ಮುಖ ಮಾಡಿ ಮಲಗುವಾಗ ಅವಳಿಗೆ ಅರ್ಧ ನಿದ್ದೆ ಆಗಿರುತ್ತಿತ್ತು.

ಅತ್ತೆ ಒಂದು ಕಾಲದಲ್ಲಿ ಚಿತ್ರಮಂದಿರದ ಟಿಕೆಟ್ ಕೌಂಟರಿನಲ್ಲಿ ಕೂರುತ್ತಿದ್ದವಳು. ಕಿಂಡಿಯೊಳಗೆ ಕೈ ತೂರಿಸಿ ಗಲಾಟೆ ಮಾಡುವ ಗಂಡಸರನ್ನು ಬರೀ ಬಾಯಲ್ಲೇ ಸಾಲಿಗೆ ನಿಲ್ಲಿಸುತ್ತಿದ್ದಳಂತೆ. ಈಗ ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಹೇಳಿದ್ದೆಲ್ಲ ತಿಳಿಯುತ್ತಿತ್ತು, ಹೇಳಬೇಕೆಂದಿದ್ದು ನಾಲಿಗೆಗೆ ಬರುತ್ತಿರಲಿಲ್ಲ. ಅಷ್ಟು ಮಾತಿನಲ್ಲಿ ಉಳಿದದ್ದು ಬೆರಳೆಣಿಕೆ: ಅಲ್ಲ, ಸಾಕು, ನೀರು, ಮತ್ತೆ ಎಲ್ಲಿಂದಲೋ ತಪ್ಪಿಸಿಕೊಂಡು ಬಂದ ‘ಹೌಸ್‌ಫುಲ್’. ಹೊಟ್ಟೆ ತುಂಬಿದಾಗ ಚಮಚ ದೂಡಿ ಅದನ್ನು ಹೇಳುತ್ತಿದ್ದಳು. ಮೊದಲ ಸಲ ಕೇಳಿದಾಗ ಮಗಳು, ಅಳಿಯ ಇಬ್ಬರೂ ಅಡುಗೆಮನೆಗೆ ಓಡಿ ನಕ್ಕಿದ್ದರು. ಆಮೇಲೆ ಮಗಳು ಅಲ್ಲೇ ನಿಂತು ಅತ್ತಿದ್ದಳು.

ಅವನು ಬರೆಯುತ್ತಿದ್ದದ್ದು ಮಧ್ಯಾಹ್ನ, ಅತ್ತೆಗೆ ಉಣಿಸಿ ಪಾತ್ರೆ ತೊಳೆದಾದ ಮೇಲೆ. ಊಟದ ಮೇಜಿನ ಮೇಲೆ ಮೊಬೈಲ್ ಒರಗಿಸಿ ಎರಡು ಹೆಬ್ಬೆರಳಲ್ಲಿ ಕುಟ್ಟಿ, ಕುಟ್ಟಿದ್ದನ್ನು ತಿರುಗಿಯೂ ನೋಡದೆ ಹಾಕಿಬಿಡುತ್ತಿದ್ದ. ತಿದ್ದುವುದಕ್ಕೆ ಮೈಯಲ್ಲಿ ತ್ರಾಣ ಎಲ್ಲಿತ್ತು? ಒಮ್ಮೆ ಹೆಂಡತಿ ಕಾರ್ಖಾನೆಯ ಬಸ್ಸಿನಲ್ಲಿ ಓದಿಕೊಂಡು ಬಂದು ಹೇಳಿದ್ದಳು: ‘ಬರೆದಿದ್ದು ಚೆನ್ನಾಗೇ ಇದೆ. ಆದ್ರೆ ಅಲ್ಲಿರೋ ಗಂಡ ನಮ್ಮನೇಗೆ ಯಾವಾಗ ಬರ್ತಾನೆ?’ ಅವನಿಗೆ ಮುಖಕ್ಕೆ ಹೊಡೆದಂತಾಗಿತ್ತು.

ಹೀಗಿರುವಾಗ ಓದುಗರೊಬ್ಬರು ಒಂದು ಟಿಪ್ಪಣಿ ಬರೆದರು. ‘ನಿಮ್ಮ ಸೇವೆ ದೊಡ್ಡದು. ಆದರೆ ಒಂದೇ ಮಾತು ನಾಲ್ಕು ಸಲ ಬರುತ್ತದೆ. ಪ್ರಕಟಿಸುವ ಮುಂಚೆ ಗಟ್ಟಿಯಾಗಿ ಓದಿಕೊಂಡರೆ ಗೊತ್ತಾದೀತು.’ ಮೂಗಿನ ತುದಿಗೆ ಸಿಟ್ಟು ಬಂತು. ಇವರೊಂದು ದಿನ ಬಂದು ಹಾಸಿಗೆ ಬದಲಾಯಿಸಲಿ ನೋಡೋಣ ಎಂದುಕೊಂಡ. ಆದರೂ ಆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ಬಿಡಲೊಲ್ಲದು. ಮರುದಿನ ಹೊಸದೊಂದನ್ನು ಬರೆದವನು, ಹಾಕುವ ಮುಂಚೆ ಮೇಜಿನ ಮುಂದೆ ಕೂತು ಗಂಟಲು ಸರಿಮಾಡಿಕೊಂಡು ಓದತೊಡಗಿದ.

‘ಹಾಸಿಗೆ ಹಿಡಿದ ಹಿರಿಯರು ಮಕ್ಕಳಿದ್ದ ಹಾಗೆ. ನಮ್ಮತ್ತೆಯೂ ಈಗೊಂದು ಪುಟ್ಟ ಮಗು.’

‘ಅಲ್ಲ.’

ಪಕ್ಕದ ಕೋಣೆಯಿಂದ ಬಂತು. ಬಾಗಿಲು ಅರ್ಧ ತೆರೆದಿತ್ತು. ಮಲಗಿದ್ದಾಳೆಂದುಕೊಂಡಿದ್ದ ಅತ್ತೆ ಕಣ್ಣು ಬಿಟ್ಟುಕೊಂಡು ಇವನನ್ನೇ ನೋಡುತ್ತಿದ್ದಳು.

‘ಏನತ್ತೆ? ನೀರು ಬೇಕಾ?’

‘ಅಲ್ಲ!’ ಎಡಗೈಯಿಂದ ಅವನ ಮೊಬೈಲ್ ಕಡೆ ತೋರಿಸಿದಳು.

ಅವನು ಹಾಸಿಗೆಯ ಪಕ್ಕ ಸ್ಟೂಲು ಎಳೆದುಕೊಂಡು ಕೂತು ಮತ್ತೆ ಓದಿದ. ‘ಮಗು’ ಬಂದಲ್ಲಿ ಅವಳ ಹುಬ್ಬು ಗಂಟಿಕ್ಕಿತು. ಟಿಕೆಟ್ ಕಿಂಡಿಯ ಆಚೆ ನಿಂತವರು ನೋಡಿದ್ದ ಮುಖ ಇದೇ ಇರಬೇಕು ಎಂದು ಅವನಿಗನ್ನಿಸಿತು. ‘ಆಯ್ತು, ಮಗು ಅಲ್ಲ, ತೆಗೀತೀನಿ’ ಎಂದು ಅಳಿಸಿದ. ‘ತಲೆ ಬಾಚುವಾಗ ಅವರ ಕಣ್ಣಲ್ಲಿ ಕೃತಜ್ಞತೆಯ ನೀರು’ ಎಂದು ಓದಿದ. ಅತ್ತೆ ‘ಅಲ್ಲ’ ಎಂದಳು. ಆ ನೀರು ತಾನು ಬಾಚಣಿಗೆ ಒತ್ತಿ ಎಳೆಯುವುದರಿಂದ ಎಂದು ಅವನಿಗೂ ಗೊತ್ತಿದ್ದದ್ದೇ. ಅದೂ ಹೋಯಿತು. ‘ಈ ಸೇವೆಯಲ್ಲಿ ನನಗೆ ಆಯಾಸ ಎಂಬುದೇ ಇಲ್ಲ’ ಎಂದು ಓದುವಾಗ ಅವನ ದನಿಯೇ ಇಳಿಯಿತು.

ಅತ್ತೆ ‘ಅಲ್ಲ’ ಎನ್ನಲೂ ಇಲ್ಲ. ಗಂಟಲಿನಿಂದ ಒಂದು ಬಗೆಯ ನಗು ಹೊರಡಿಸಿದಳು, ಅಷ್ಟೆ.

‘ನಗಬೇಡಿ ಅತ್ತೆ. ಜನ ಅದನ್ನೇ ಇಷ್ಟಪಡ್ತಾರೆ’ ಎಂದ. ಆದರೆ ಆಯಾಸ ಆಗುತ್ತದೆ ಎಂದು ತಿದ್ದಿದ. ತಿದ್ದಿದ ಮೇಲೆ, ಯಾರೋ ಬಂದು ಹೆಗಲ ಮೇಲಿನ ಚೀಲ ಇಳಿಸಿಕೊಂಡ ಹಾಗಾಯಿತು.

ಕೊನೆಯಲ್ಲಿ ಉಳಿದದ್ದು ಮಗ್ಗುಲು ಬದಲಾಯಿಸುವ ವಿಧಾನ. ಹಿಂದೆಯೂ ಅದನ್ನು ಬರೆದಿದ್ದ. ಎಲ್ಲಕ್ಕಿಂತ ಹೆಚ್ಚು ಜನ ಓದಿದ್ದೂ ಅದನ್ನೇ. ‘ರೋಗಿಯ ಬಲವಿಲ್ಲದ ಕೈಯನ್ನು ಹಿಡಿದು ಮೆಲ್ಲಗೆ ನಿಮ್ಮ ಕಡೆ ಎಳೆದುಕೊಳ್ಳಿ. ಮೈ ತಾನಾಗಿ ಹೊರಳುತ್ತದೆ. ಇದರಿಂದ ನಿಮ್ಮ ಸೊಂಟಕ್ಕೂ...’

‘ಅಲ್ಲ. ಅಲ್ಲ. ಅಲ್ಲ.’

‘ಇದೇನು ಅಲ್ಲ? ದಿನಾ ಹೀಗೇ ತಾನೆ ಮಾಡ್ತೀನಿ?’

ಅವಳು ಎಡಗೈಯನ್ನು ಎದೆಯ ಮೇಲಿಂದ ಬಲಭುಜಕ್ಕೆ ತಂದು ಅಲ್ಲೇ ಒತ್ತಿ ಹಿಡಿದಳು. ಮುಖ ಕಿವುಚಿದಳು. ಇವನು ಬಲಗೈಯನ್ನು ಮುಟ್ಟಲು ಹೋದರೆ ಇಡೀ ಮೈ ಬಿಗಿಯಿತು. ‘ನೋವಾ? ಎಳೆದಾಗೆಲ್ಲ ನೋವಾ?’ ಅವಳು ಕಣ್ಣು ಮುಚ್ಚಿ ತೆರೆದಳು. ಮಗ್ಗುಲು ಬದಲಾಯಿಸುವಾಗಲೆಲ್ಲ ಅವಳು ‘ಸಾಕು, ಸಾಕು’ ಎನ್ನುತ್ತಿದ್ದದ್ದು ಈಗ ಕಿವಿಗೆ ಬಂತು. ಹಟ ಮಾಡುತ್ತಾಳೆ ಎಂದುಕೊಂಡಿದ್ದ. ಅತ್ತೆಯ ಹಟ ಎಂದು ಅದರ ಮೇಲೆಯೇ ಒಂದು ತಮಾಷೆಯ ಬರಹ ಹಾಕಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದ.

ಸಂಜೆ ಬಾಗಿಲಲ್ಲಿ ಹೆಂಡತಿಗೆ ಹೇಳಿದ. ಅವಳು ಚಪ್ಪಲಿ ಬಿಡದೆ ನಿಂತಳು.

‘ನಾನೂ ಹಾಗೇ ಎಳೀತಿದ್ದೆ’ ಎಂದಳು. ‘ನೀವು ಬರೆದಿದ್ದನ್ನ ನೋಡಿಯೇ ಕಲಿತೆ ನಾನು.’

ಬೈದಿದ್ದರೆ ಮೇಲಿತ್ತು. ಅವನು ಸ್ಪ್ಯಾನರಿನ ಚೀಲ ಎತ್ತಿಕೊಂಡು ಹೊರಟುಹೋದ.

ವಾರದೊಳಗೆ ಫಿಸಿಯೋಥೆರಪಿಯ ವ್ಯಾಯಾಮ ಹೇಳಿಕೊಡುವಾಕೆಯನ್ನು ಮನೆಗೆ ಕರೆಸಿದರು. ಆಕೆ ಭುಜ ಮುಟ್ಟಿ ನೋಡಿ, ‘ಬಲ ಇಲ್ಲದ ಕೈಯನ್ನ ಯಾವತ್ತೂ ಎಳೀಬಾರದು. ಕೀಲು ಸಡಿಲ ಆಗಿದೆ. ಬೆನ್ನ ಹಿಂದೆ, ಭುಜದ ಮೂಳೆಯ ಕೆಳಗೆ ಕೈ ಕೊಟ್ಟು ಹೊರಳಿಸಿ’ ಎಂದಳು. ಸರಿ ಹೋಗುತ್ತದಾ ಎಂದು ಕೇಳಿದ್ದಕ್ಕೆ, ‘ನೋವು ಕಡಿಮೆ ಆಗಬಹುದು. ಪೂರ್ತಿ ಅಂತ ಹೇಳಲಾರೆ’ ಎಂದು ಕೈ ತೊಳೆಯಲು ಎದ್ದಳು. ಮೊದಲ ತಿಂಗಳಲ್ಲೇ ಆಸ್ಪತ್ರೆಯವರು ಇದನ್ನು ಹೇಳಿದ್ದರೋ ಏನೋ. ಆ ದಿನಗಳಲ್ಲಿ ಎಷ್ಟೋ ಜನ ಎಷ್ಟೋ ಹೇಳಿದ್ದರು. ತಲೆಗೆ ಹೋಗಿದ್ದೆಷ್ಟು, ಹೊರಗೇ ಉಳಿದದ್ದೆಷ್ಟು, ಯಾರಿಗೆ ಗೊತ್ತು?

ಹಳೆಯ ಬರಹವನ್ನು ಅಳಿಸಿಹಾಕಿದರೆ ಮುಗಿಯಿತು ಎಂದುಕೊಂಡ ಮೊದಲು. ಆದರೆ ಓದಿದವರ ಕೈಗಳು ಯಾವ್ಯಾವ ಮನೆಯಲ್ಲಿ ಯಾರ್ಯಾರ ತೋಳು ಎಳೆಯುತ್ತಿವೆಯೋ? ಅಳಿಸಲಿಲ್ಲ. ನಾಲ್ಕು ಮಧ್ಯಾಹ್ನ ಕೂತು ತಿದ್ದಿದ. ಮೊದಲ ಸಲ ಬರೆದಾಗ ಕ್ಷಮೆಯೇ ಅರ್ಧ ಪುಟ ಆಗಿತ್ತು. ಓದಿದಾಗ ಅತ್ತೆ ‘ಸಾಕು’ ಎಂದಳು. ಸರಿಯೆಂದು ಅದನ್ನು ಒಂದು ಸಾಲಿಗಿಳಿಸಿದ. ಎರಡನೆಯ ಸಲ ತಾನೆಷ್ಟು ದಣಿದಿದ್ದೆ ಎಂಬ ಸಮಜಾಯಿಷಿ ನುಸುಳಿತ್ತು. ಅದು ಅವನಿಗೇ ಹಿಡಿಸಲಿಲ್ಲ, ಕಿತ್ತ. ಕೊನೆಗೆ ಉಳಿದದ್ದು ಇಷ್ಟು: ನಾನು ಹೇಳಿದ್ದು ತಪ್ಪು, ಕೈ ಎಳೆಯಬೇಡಿ, ಹೀಗೆ ಮಾಡಿ, ಸಾಕು ಎಂದರೆ ನಿಲ್ಲಿಸಿ ಎಲ್ಲಿ ನೋವೆಂದು ನೋಡಿ. ಓದಿ ಮುಗಿಸಿ ಅತ್ತೆಯ ಮುಖ ನೋಡಿದ. ‘ಅಲ್ಲ’ ಬರಲಿಲ್ಲ. ಪ್ರಕಟಿಸಿದ.

ಹೊಗಳಿದವರಲ್ಲಿ ಕೆಲವರು ಚೆನ್ನಾಗಿ ಝಾಡಿಸಿದರು. ಗೊತ್ತಿಲ್ಲದ ಮೇಲೆ ಬುದ್ಧಿ ಹೇಳುವುದೇಕೆ ಎಂದರು. ಹೆಚ್ಚಿನವರು ಸದ್ದಿಲ್ಲದೆ ಕಾಲು ಕಿತ್ತರು. ಹೆಂಗಸೊಬ್ಬಳು ಮಾತ್ರ, ‘ನಮ್ಮ ಯಜಮಾನರೂ ಕಿರುಚುತ್ತಿದ್ದರು, ಈಗ ಗೊತ್ತಾಯಿತು’ ಎಂದು ಬರೆದಳು. ಅದನ್ನು ಓದಿ ಸಮಾಧಾನ ಆಗಬೇಕಿತ್ತು, ಆಗಲಿಲ್ಲ.

ಬ್ಲಾಗ್ ನಿಲ್ಲಲಿಲ್ಲ, ಕುಂಟುತ್ತ ಸಾಗಿತು. ಈಗ ತಿಂಗಳಿಗೊಂದು ಬಂದರೆ ಹೆಚ್ಚು, ಅದೂ ಮೊದಲಿನ ಅರ್ಧದಷ್ಟು ಉದ್ದ. ಅತ್ತೆಯ ನೋವು ಕೆಲವು ದಿನ ಇಳಿಯುತ್ತಿತ್ತು, ಕೆಲವು ದಿನ ಇಲ್ಲ. ಒಂದು ಮಧ್ಯಾಹ್ನ ಅವನು ಸ್ನಾನದ ಕುರ್ಚಿಯ ಬಗ್ಗೆ ಬರೆದದ್ದನ್ನು ಓದುತ್ತಿದ್ದ. ಎರಡನೆಯ ಪ್ಯಾರಾದಲ್ಲಿ ಅವಳ ಉಸಿರು ಏರಿಳಿಯುವ ಬಗೆ ಬದಲಾಯಿತು. ನಿದ್ದೆ ಹತ್ತಿತ್ತು. ಉಳಿದದ್ದನ್ನು ಅವನು ಸಣ್ಣ ದನಿಯಲ್ಲಿ ತನಗೇ ಓದಿಕೊಂಡ. ಒಂದು ಸಾಲಿನ ಮೇಲೆ ಹೆಬ್ಬೆರಳು ನಿಂತಿತು. ಇದನ್ನು ಅವಳು ಒಪ್ಪುತ್ತಾಳೋ ಇಲ್ಲವೋ ಹೇಳಲಾಗಲಿಲ್ಲ. ಎಬ್ಬಿಸಿ ಕೇಳುವ ಮನಸ್ಸಾಗಲಿಲ್ಲ. ಆ ಸಾಲನ್ನು ಹಾಗೇ ಬಿಟ್ಟು, ಬರಹವನ್ನು ಪ್ರಕಟಿಸದೆ ಉಳಿಸಿ, ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೇ ಗೋಡೆಗೆ ಒರಗಿದ. ಹೆಂಡತಿ ಬರುವವರೆಗೆ ಇನ್ನೂ ಹೊತ್ತಿತ್ತು.